ಸುಧಾರಿಸ್ಕೊಳ್ಳೋದಕ್ಕೂ ಒಂದು ಚರಿತ್ರೆ ಇದೆ



ಸ್ವಲ್ಪ ಉದ್ದದ ಬರಹ. ಪುರುಸೊತ್ತಾದಾಗ ಓದಿ. ಪುರುಸೊತ್ತೇ ಇಲ್ಲದವರ ಬಗ್ಗೆ ಬರೆದಿರೋದು.

ಹೋದ ವಾರ ರಾತ್ರಿ ಒಂಬತ್ತೂವರೆ ಹೊತ್ತಿಗೆ ಹುಣಸೂರು ಬಸ್ ಸ್ಟ್ಯಾಂಡ್ ಹತ್ತಿರ ಟೀ ಅಂಗಡಿಯಲ್ಲಿ ಕೂತಿದ್ದೆ. ನಮ್ಮ ಪರಿಚಯದ ಹುಡುಗನೊಬ್ಬ ಬಂದ. ಪಿರಿಯಾಪಟ್ಟಣದ ಕಡೆಯವನು, ಇಲ್ಲೊಂದು ಬಟ್ಟೆ ಅಂಗಡಿಯಲ್ಲಿ ಕೆಲಸ. ಟೀ ಹೇಳೋಕೂ ಮುಂಚೆ ಬೆಂಚಿನ ಮೇಲೆ ಕೂತು, ಚಪ್ಪಲಿ ಬಿಟ್ಟು, ಎರಡೂ ಕೈಯಲ್ಲಿ ಮೀನಖಂಡ ಒತ್ತಿಕೊಳ್ಳೋಕೆ ಶುರು ಮಾಡಿದ. ಅದೇ ಹೊತ್ತಿಗೆ ನನ್ನ ಮೊಬೈಲಿಗೆ ಯಾರೋ ಒಂದು ಮೆಸೇಜ್ ಫಾರ್ವರ್ಡ್ ಮಾಡಿದ್ರು. ಕೆಲಸದ ಒತ್ತಡ ಕಳೆಯೋಕೆ ಹತ್ತು ಸೂತ್ರ. ದೀರ್ಘವಾಗಿ ಉಸಿರಾಡಿ, ಇಂಪಾದ ಸಂಗೀತ ಕೇಳಿ, ವಾಕಿಂಗ್ ಮಾಡಿ, ವರ್ಷಕ್ಕೊಮ್ಮೆ ಪ್ರವಾಸ ಹೋಗಿ, ಹೀಗೆ. ತಮಾಷೆಗೆ ಅವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ ಅವನು ಕೇಳಿದ್ದು ಒಂದೇ ಪ್ರಶ್ನೆ.

"ಅಣ್ಣ, ಅದ್ರಲ್ಲಿ ಕೂತ್ಕೊಳ್ಳೋದು ಎಷ್ಟನೇದು?"

ಬೆಳಿಗ್ಗೆ ಒಂಬತ್ತೂವರೆಗೆ ಶಟರ್ ಎತ್ತಿದರೆ ರಾತ್ರಿ ಒಂಬತ್ತಕ್ಕೆ ಇಳಿಸೋದು. ಅಂಗಡಿಯಲ್ಲಿ ಕೂರೋಕೆ ಜಾಗ ಇರೋದು ಗಿರಾಕಿಗಳಿಗೆ ಮತ್ತು ಗಲ್ಲಾದ ಮೇಲಿರೋ ಯಜಮಾನರಿಗೆ. ಗಿರಾಕಿ ಇಲ್ಲದಾಗ ಸೀರೆ ಮಡಿಸಬೇಕು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಬೇಕು. ನಿಂತಿರೋ ಹುಡುಗ ಕೆಲಸ ಮಾಡ್ತಾ ಇರೋ ಹಾಗೆ ಕಾಣಬೇಕು, ಅಷ್ಟೆ.

ಅವನ ಪ್ರಶ್ನೆ ಮನೆಗೆ ಬಂದ ಮೇಲೂ ತಲೆಯಲ್ಲೇ ಇತ್ತು. ಯಾಕಂದ್ರೆ ಒಂದು ಕಾಲಕ್ಕೆ ನಾನೂ ಅಂಗಡಿ ಹುಡುಗನೇ. ಬಿ.ಎ. ಓದುವಾಗ, ಮುಗಿದ ಮೇಲೂ ಕೆಲವು ತಿಂಗಳು, ಒಟ್ಟು ಎರಡು ವರ್ಷದ ಹತ್ತಿರ ಕೆ.ಆರ್. ನಗರದ ಒಂದು ದಿನಸಿ ಅಂಗಡಿಯಲ್ಲಿ ಇದ್ದೆ. ಕೆ.ಆರ್. ನಗರ ಅಂದ್ರೆ ಗೊತ್ತಲ್ಲ, ಕಾವೇರಿ ನಾಲೆ, ಭತ್ತ, ರೈಸ್‌ಮಿಲ್ಲು. ಮೂಟೆ ಇಳಿಸೋದು, ತೂಕ ಹಾಕೋದು, ಪೊಟ್ಟಣ ಕಟ್ಟೋದು, ಸೈಕಲ್‌ನಲ್ಲಿ ಮನೆಮನೆಗೆ ಸಾಮಾನು ಕೊಟ್ಟು ಬರೋದು ನನ್ನ ಕೆಲಸ. ಯಜಮಾನರು ಕೆಟ್ಟವರೇನಲ್ಲ. ಆಯುಧಪೂಜೆಗೆ ಬಟ್ಟೆ ಕೊಡ್ತಿದ್ರು, ಪರೀಕ್ಷೆಗೆ ರಜೆ ಕೊಡ್ತಿದ್ರು. ಆದರೆ ಅಂಗಡಿಯ ಹಿಂದೆ ಕೊಡದ ಪಕ್ಕ ಎರಡು ಲೋಟ ಇದ್ವು. ಒಂದು ಸ್ಟೀಲಿಂದು. ಇನ್ನೊಂದು ಪ್ಲಾಸ್ಟಿಕ್‌ದು, ಅದು ಮೂಟೆಯ ಮರೆಯಲ್ಲಿ ಇರ್ತಿತ್ತು. ಯಾವುದು ನನ್ನದು ಅಂತ ಯಾರೂ ಹೇಳಲಿಲ್ಲ. ಮೊದಲ ದಿನವೇ ನನಗೆ ಗೊತ್ತಾಯ್ತು. ಮಧ್ಯಾಹ್ನ ಊಟ ಆದ ಮೇಲೆ ಉಳಿದ ಹುಡುಗರು ಒಳಗೆ ಗೋಣಿಚೀಲದ ಮೇಲೆ ಒರಗ್ತಿದ್ರು. ನಾನು ಪಕ್ಕದ ಮಿಲ್ಲಿನ ಗೋಡೆ ನೆರಳಿಗೆ ಹೋಗಿ ಹಮಾಲಿಗಳ ಜೊತೆ ಕೂರ್ತಿದ್ದೆ. ಅಲ್ಲಿದ್ದವರಲ್ಲಿ ನಮ್ಮವರೇ ಜಾಸ್ತಿ.

ಆಮೇಲೆ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ತು. ಮೊದಲ ದಿನ ನನಗೆ ಒಂದು ಕುರ್ಚಿ ತೋರಿಸಿ "ಕೂತ್ಕೊಳ್ಳಿ" ಅಂದ್ರು. ಸಂಬಳದ ಲೆಕ್ಕ ಮರೆತು ಹೋಗಿದೆ, ಆ ಕುರ್ಚಿ ಮರೆತಿಲ್ಲ. ಹಾಗಾಗಿ ಈ ಬರಹ ಉಸಿರಾಟದ ಸೂತ್ರದ ಬಗ್ಗೆ ಅಲ್ಲ. ದುಡಿದು ದಣಿದವನು ಎಲ್ಲಿ ಕೂರಬಹುದು, ಯಾವತ್ತು ಕೂರಬಹುದು, ಯಾರ ಪಕ್ಕ ಕೂರಬಹುದು ಅನ್ನೋದನ್ನ ನಮ್ಮ ದೇಶದಲ್ಲಿ ಯಾರು ತೀರ್ಮಾನ ಮಾಡಿದ್ರು, ಯಾರು ಹೊಡೆದಾಡಿ ಬದಲಾಯಿಸಿದ್ರು ಅನ್ನೋದರ ಬಗ್ಗೆ.

ನಮ್ಮಪ್ಪ ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ದೊಡ್ಡಮನೆಯಲ್ಲಿ ಜೀತಕ್ಕಿದ್ದವನು. "ವಿರಾಮ" ಅನ್ನೋ ಪದ ಅವನ ಬಾಯಲ್ಲಿ ನಾನು ಕೇಳಿಲ್ಲ. "ವಸಿ ಸುಧಾರಿಸ್ಕೊಂಡು ಬತ್ತೀನಿ" ಅಂತಿದ್ದ. ಜೀತದಲ್ಲಿ ದಿನಕ್ಕೆ ಇಷ್ಟು ಗಂಟೆ ಅನ್ನೋ ಲೆಕ್ಕ ಇಲ್ಲ. ದನ ಮಲಗಿದ ಮೇಲೆ ಮಲಗಿ, ದನ ಏಳೋಕೂ ಮುಂಚೆ ಏಳೋದು. 1975ರ ಅಕ್ಟೋಬರ್‌ನಲ್ಲಿ ಜೀತಪದ್ಧತಿ ರದ್ದು ಮಾಡೋ ಸುಗ್ರೀವಾಜ್ಞೆ ಬಂತು, 1976ರಲ್ಲಿ ಅದು ಕಾಯ್ದೆ ಆಯ್ತು. ಆಗ ರಾಜ್ಯದ ಮುಖ್ಯಮಂತ್ರಿ ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು. ಕಾಯ್ದೆ ಬಂದ ದಿನವೇ ಜೀತ ಹೋಯ್ತು ಅಂತ ಹೇಳಿದ್ರೆ ನಮ್ಮಪ್ಪ ನಗ್ತಾನೆ. ಆದರೆ ಕಾಯ್ದೆ ಇದೆ ಅನ್ನೋ ಮಾತು ಕೇರಿಗೆ ಬಂದಿದ್ದೇ ಒಂದು ಧೈರ್ಯ ಆಗಿತ್ತು ಅಂತ ಅವನೇ ಹೇಳಿದ್ದಾನೆ.

ಸಂಜೆ ಹೊತ್ತು ಟೀ ಹೋಟೆಲ್ ಅಂದ್ರೆ ಅಪ್ಪನ ಕಾಲಕ್ಕೆ ಹೋಟೆಲಿನ ಹೊರಗಡೆ ಅಂತ ಅರ್ಥ. ಟೀ ಚಿಪ್ಪಿನಲ್ಲಿ, ಆಮೇಲೆ ಬೇರೆ ಲೋಟದಲ್ಲಿ. ಒಳಗಿನ ಬೆಂಚು ನಮ್ಮದಲ್ಲ. ಅವನು ಜೀವನದಲ್ಲಿ ಮೊದಲ ಸಲ ಬೇರೆ ಜಾತಿಯವರ ಪಕ್ಕ ಮೈಗೆ ಮೈ ತಾಗಿಸಿ ಕೂತಿದ್ದು ಟೆಂಟ್ ಸಿನಿಮಾದಲ್ಲಂತೆ. ನೆಲದ ಟಿಕೆಟ್ಟು, ಮರಳಿನ ಮೇಲೆ ಕೂರೋದು, ದೀಪ ಆರಿದ ಮೇಲೆ ಯಾರಿಗೆ ಯಾರೂ ಕಾಣಲ್ಲ. "ಕತ್ಲೆ ಇತ್ತಲ್ಲ, ಅದ್ಕೆ ಕೂತ್ಕಂಡೊ" ಅಂತಾನೆ. ದಣಿವು ಆರಿಸಿಕೊಳ್ಳೋಕೆ ನಮ್ಮವರಿಗೆ ಕತ್ತಲೆ ಬೇಕಾಗಿತ್ತು.

ಹುಣಸೂರಿನ ಹಳೇ ಚರಿತ್ರೆ ನೋಡಿದರೆ ಇಲ್ಲಿ ಅಮೃತಮಹಲ್ ದನಗಳ ಇಲಾಖೆ ಇತ್ತು, ಮದ್ರಾಸ್ ಸೇನೆಯ ಸರಬರಾಜಿಗೆ ಅಂತ ಚರ್ಮ ಹದ ಮಾಡೋ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಯಾರ್ಡು ಇದ್ವು, 1864ರಲ್ಲಿ ಸರಕಾರ ಅವನ್ನ ಮುಚ್ಚಿತು ಅಂತ ಸಿಗುತ್ತೆ. ಬೂಟು, ಚೀಲ ಎಲ್ಲ ಈ ಊರಿಂದ ಹೋಗ್ತಿದ್ವು. ಸಾಮಾನಿನ ಪಟ್ಟಿ ಚರಿತ್ರೆಯಲ್ಲಿ ಉಳಿಯುತ್ತೆ. ಆ ಚರ್ಮ ಹದ ಮಾಡಿದ ಕೈಗಳು ಸಂಜೆ ಎಲ್ಲಿ ಕೂತು ಸುಧಾರಿಸ್ಕೊಂಡ್ವು ಅನ್ನೋದನ್ನ ಬರೆದಿಡೋದು ಗೆಜೆಟಿಯರ್ ಬರೆದವರ ಕೆಲಸ ಆಗಿರಲಿಲ್ಲ. ಅದನ್ನ ನಾವೇ ಬರೆಯಬೇಕು.

ಈಗ ಭಾನುವಾರದ ಕಥೆಗೆ ಬರೋಣ. ವಾರಕ್ಕೊಂದು ದಿನ ರಜೆ ಬ್ರಿಟಿಷರು ಕೊಟ್ಟಿದ್ದು, ಚರ್ಚಿಗೆ ಹೋಗೋಕೆ ಅಂತ ಕೊಟ್ಟಿದ್ದು, ಹೀಗೆ ನಾವೆಲ್ಲ ಕೇಳಿಕೊಂಡು ಬಂದಿದ್ದೀವಿ. ಬ್ರಿಟಿಷ್ ಅಧಿಕಾರಿಗಳಿಗೆ ಇತ್ತು, ನಿಜ. ಮುಂಬೈ ಬಟ್ಟೆ ಮಿಲ್ಲಿನ ಕಾರ್ಮಿಕರಿಗೆ ಇರಲಿಲ್ಲ. ಅದನ್ನ ಕೊಡಿಸಿದವರು ನಾರಾಯಣ ಮೇಘಾಜಿ ಲೋಖಂಡೆ. ಮಹಾತ್ಮ ಜ್ಯೋತಿಬಾ ಫುಲೆಯವರ ಒಡನಾಡಿ, ಸತ್ಯಶೋಧಕ ಸಮಾಜದವರು, 'ದೀನಬಂಧು' ಪತ್ರಿಕೆ ನಡೆಸಿದವರು. 1884ರಲ್ಲಿ ಮಿಲ್ ಕಾರ್ಮಿಕರ ಸಭೆ ಕರೆದು, ಐದೂವರೆ ಸಾವಿರ ಕಾರ್ಮಿಕರ ಸಹಿ ಹಾಕಿಸಿ ಮನವಿ ಕೊಟ್ಟರು. ಕೇಳಿದ್ದೇನು? ಭಾನುವಾರ ಪೂರ್ತಿ ರಜೆ. ಮಧ್ಯಾಹ್ನ ಅರ್ಧ ಗಂಟೆ ಬಿಡುವು. ಕೆಲಸ ಸೂರ್ಯ ಮುಳುಗೋದ್ರೊಳಗೆ ಮುಗೀಬೇಕು.

ಆರು ವರ್ಷ ಹಿಡೀತು. 1890ರ ಏಪ್ರಿಲ್‌ನಲ್ಲಿ ಮುಂಬೈಯಲ್ಲಿ ಹತ್ತು ಸಾವಿರ ಕಾರ್ಮಿಕರ ಸಭೆ ಆಯ್ತು, ಹೆಣ್ಣುಮಕ್ಕಳೂ ಎದ್ದು ಮಾತಾಡಿದ್ರು. 1890ರ ಜೂನ್ 10ರಂದು ಮಿಲ್ ಮಾಲೀಕರು ವಾರದ ರಜೆಗೆ ಒಪ್ಪಿದ್ರು. ಮುಂದಿನ ವರ್ಷ, 1891ರ ಫ್ಯಾಕ್ಟರಿ ಕಾಯ್ದೆಯಲ್ಲಿ ಅದು ಕಾನೂನಾಯ್ತು. ಆದರೆ ಫ್ಯಾಕ್ಟರಿಗೆ ಮಾತ್ರ. ಅಂಗಡಿಗೆ ಅಲ್ಲ, ಹೋಟೆಲಿಗೆ ಅಲ್ಲ, ಗದ್ದೆಗಂತೂ ಅಲ್ಲವೇ ಅಲ್ಲ. 2005ರಲ್ಲಿ ಸರಕಾರ ಲೋಖಂಡೆಯವರ ಅಂಚೆಚೀಟಿ ತಂದಿತು. ನಮ್ಮ ಶಾಲೆಯ ಪಾಠದಲ್ಲಿ ನಾನು ಅವರ ಹೆಸರು ಓದಿದ ನೆನಪಿಲ್ಲ. ಭಾನುವಾರ ಬೆಳಿಗ್ಗೆ ತಡವಾಗಿ ಎದ್ದಾಗ ಒಂದು ಸಲ ಅವರನ್ನ ನೆನೆಸಿಕೊಳ್ಳಿ.

ಎರಡನೇ ಹೆಸರು ಹೇಳಬೇಕಾಗೇ ಇಲ್ಲ. ಬಾಬಾಸಾಹೇಬರು 1942ರಿಂದ 1946ರ ತನಕ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡವರು. ಇಲ್ಲಿ ನಮ್ಮವರಿಗೆ ಒಂದು ಮಾತು. ನಾವು ಪೋಸ್ಟರ್ ಮಾಡುವಾಗ "ಎಂಟು ಗಂಟೆ ಕೆಲಸ ಕೊಟ್ಟವರು ಬಾಬಾಸಾಹೇಬರು" ಅಂತ ಒಂದು ಸಾಲು ಹಾಕಿ ಬಿಟ್ಟುಬಿಡ್ತೀವಿ. ಯಾರಾದ್ರೂ ಎದುರು ಕೂತು "ಯಾವ ಕಾಯ್ದೆ?" ಅಂತ ಕೇಳಿದ್ರೆ ತಡವರಿಸ್ತೀವಿ. ತಿಳಿದುಕೊಳ್ಳೋಣ. 1945ರ ತಿದ್ದುಪಡಿಯಿಂದ ಫ್ಯಾಕ್ಟರಿ ಕಾರ್ಮಿಕರಿಗೆ ಒಂದು ವರ್ಷ ದುಡಿದ ಮೇಲೆ ಸಂಬಳದ ಸಮೇತ ಹತ್ತು ದಿನ ರಜೆ ಸಿಕ್ತು. 1946ರ ತಿದ್ದುಪಡಿಯಿಂದ ವರ್ಷಪೂರ್ತಿ ನಡೆಯೋ ಫ್ಯಾಕ್ಟರಿಗಳಲ್ಲಿ ವಾರಕ್ಕೆ 54 ಗಂಟೆ ಇದ್ದಿದ್ದು 48 ಗಂಟೆಗೆ ಇಳೀತು. ವಾರಕ್ಕೆ ಆರು ಗಂಟೆ ಕಮ್ಮಿ. ಕಾಗದದ ಮೇಲೆ ಸಣ್ಣದು ಅನ್ನಿಸುತ್ತೆ. ನಿಂತು ಕೆಲಸ ಮಾಡಿದವನನ್ನ ಕೇಳಿ, ಆರು ಗಂಟೆ ಅಂದ್ರೆ ಏನು ಅಂತ ಹೇಳ್ತಾನೆ.

ಬಾಬಾಸಾಹೇಬರಿಗೆ ವಿರಾಮ ಅನ್ನೋದು ಸೋಮಾರಿತನ ಆಗಿರಲಿಲ್ಲ. ಕಾಂಗ್ರೆಸ್ ಮತ್ತು ಗಾಂಧೀಜಿ ಅಸ್ಪೃಶ್ಯರಿಗೆ ಮಾಡಿದ್ದೇನು ಅಂತ 1945ರಲ್ಲಿ ಅವರು ಬರೆದ ಪುಸ್ತಕದಲ್ಲಿ ಈ ವಾದ ಇದೆ. ಯಂತ್ರ ಬೇಡ, ಹಳ್ಳಿಗೆ ವಾಪಸ್ ಹೋಗಿ ಅನ್ನೋರಿಗೆ ಅವರು ಕೊಟ್ಟ ಉತ್ತರ ನಮ್ಮ ಮಾತಿನಲ್ಲಿ ಹೇಳೋದಾದ್ರೆ ಇಷ್ಟು: ದಿನಪೂರ್ತಿ ಹೊಟ್ಟೆಗಾಗಿಯೇ ದುಡಿಯೋ ಬದುಕು ಪ್ರಾಣಿಯ ಬದುಕು. ಮನುಷ್ಯ ಅನ್ನಿಸಿಕೊಳ್ಳಬೇಕಾದ್ರೆ ಯೋಚನೆ ಮಾಡೋಕೆ, ಓದೋಕೆ, ಹಾಡೋಕೆ ಬಿಡುವು ಬೇಕು. ಆ ಬಿಡುವು ಕೆಲವೇ ಜನರ ಸ್ವತ್ತು ಆಗಬಾರದು. ಇದನ್ನ ಬರೆದ ಮನುಷ್ಯ ತಾನು ನಿದ್ದೆಗೆಟ್ಟು ದುಡಿದವರು. ಅಂಥವರೂ ಕೊನೆಗಾಲದಲ್ಲಿ ಪಿಟೀಲು ಕಲಿಯೋಕೆ ಕೂತಿದ್ರು ಅನ್ನೋದು ನನಗೆ ಇಷ್ಟದ ಸಂಗತಿ.

ಸಂವಿಧಾನ ತೆಗೆದು ನೋಡಿ. 15(2)ನೇ ವಿಧಿಯನ್ನ ನಾವು ಅಸ್ಪೃಶ್ಯತೆಯ ಮಾತು ಬಂದಾಗ ಮಾತ್ರ ಓದ್ತೀವಿ. ಅದರಲ್ಲಿ ಯಾವ ಜಾಗದ ಹೆಸರಿದೆ ನೋಡಿ: ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಸ್ಥಳ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ಅಂದ್ರೆ ಮನುಷ್ಯ ಬಾಯಾರಿದಾಗ, ದಣಿದಾಗ, ನಾಲ್ಕು ಜನರ ಜೊತೆ ಕೂರಬೇಕು ಅನ್ನಿಸಿದಾಗ ಹೋಗೋ ಜಾಗಗಳು. ಇನ್ನು 43ನೇ ವಿಧಿ. ಎಲ್ಲ ಕೆಲಸಗಾರರಿಗೂ ಬದುಕೋಕೆ ಸಾಕಾಗೋ ಕೂಲಿ, ಮರ್ಯಾದೆಯ ಜೀವನಮಟ್ಟ, ಅದರ ಜೊತೆಗೆ ವಿರಾಮವನ್ನ ಪೂರ್ತಿಯಾಗಿ ಅನುಭವಿಸೋ ಅವಕಾಶ ದೊರಕಿಸೋಕೆ ಸರಕಾರ ಪ್ರಯತ್ನ ಮಾಡಬೇಕು ಅಂತ ಇದೆ. ಇದು ನಿರ್ದೇಶಕ ತತ್ವ, ಇದನ್ನ ಹಿಡಿದುಕೊಂಡು ನೇರ ಕೋರ್ಟಿಗೆ ಹೋಗೋಕಾಗಲ್ಲ. ಆದರೂ ವಿರಾಮ ಅನ್ನೋ ಮಾತು ಸಂವಿಧಾನದ ಒಳಗೇ ಇದೆ. ನಮ್ಮಪ್ಪನ "ವಸಿ ಸುಧಾರಿಸ್ಕೊಳ್ಳೋದು" ಅಲ್ಲಿ ಹೋಗಿ ಕೂತಿದೆ.

ಅಂಗಡಿ ಹುಡುಗರ ಪಾಲಿಗೆ ಕಾನೂನು ಬಂದಿದ್ದು ತಡವಾಗಿ. 1942ರಲ್ಲಿ ಅಂಗಡಿ, ಹೋಟೆಲು, ಥಿಯೇಟರ್ ಕೆಲಸಗಾರರಿಗೆ ವಾರದ ರಜೆ ಕಾಯ್ದೆ ಒಂದು ಬಂತು. ಆದರೆ ಆಯಾ ಪ್ರಾಂತ್ಯದ ಸರಕಾರ ಅಧಿಸೂಚನೆ ಹೊರಡಿಸಿದ ಕಡೆ ಮಾತ್ರ ಜಾರಿ. ನಮ್ಮ ರಾಜ್ಯದಲ್ಲಿ ಈಗ ಇರೋದು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಬಂದಾಗ ಅದು ಮೈಸೂರು ಕಾಯ್ದೆ, 1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ಕರ್ನಾಟಕ ಕಾಯ್ದೆ. ಅದರಲ್ಲಿರೋ ಮುಖ್ಯ ಅಂಶ ಕೆಳಗೆ ಬರೆದಿದ್ದೀನಿ. ಸ್ಕ್ರೀನ್‌ಶಾಟ್ ತೆಗೆದು ಇಟ್ಕೊಳ್ಳಿ.

ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಅದಕ್ಕಿಂತ ಜಾಸ್ತಿ ಇಲ್ಲ.
ಜಾಸ್ತಿ ಆದ್ರೆ ಓವರ್‌ಟೈಮ್, ಅದಕ್ಕೆ ಎರಡರಷ್ಟು ಕೂಲಿ.
ಐದು ಗಂಟೆ ಕೆಲಸ ಆದ ಮೇಲೆ ಕನಿಷ್ಠ ಒಂದು ಗಂಟೆ ಬಿಡುವು.
ವಾರಕ್ಕೊಂದು ದಿನ ರಜೆ, ಅದಕ್ಕೆ ಸಂಬಳ ಹಿಡಿಯೋ ಹಾಗಿಲ್ಲ.
ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳದ ರಜೆ.
ಕೆಲಸಕ್ಕೆ ಸೇರಿಸಿಕೊಂಡರೆ ನೇಮಕಾತಿ ಪತ್ರ.

ಅರವತ್ತು ವರ್ಷಕ್ಕೂ ಹಳೇ ಕಾನೂನು ಇದು. ನಾನು ಅಂಗಡಿಯಲ್ಲಿದ್ದಾಗ ಇದರಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ. ಟೀ ಅಂಗಡಿಯಲ್ಲಿ ಆ ಹುಡುಗನಿಗೆ ಹೇಳಿದಾಗ ಅವನಿಗೂ ಗೊತ್ತಿರಲಿಲ್ಲ. "ಬಿಡಣ್ಣ, ಅದು ಬೆಂಗ್ಳೂರಿಗೆ ಇರ್ಬೇಕು" ಅಂದ.

ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಅಂಗಡಿ ಕೆಲಸದ ಒತ್ತಡಕ್ಕೆ ಒಂದು ಋತುಮಾನ ಇದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪು. ಸೊಪ್ಪು ಬೇಯಿಸೋ ಕಾಲಕ್ಕೆ ಬ್ಯಾರನ್ ಮುಂದೆ ಹಗಲೂ ರಾತ್ರಿ ಬೆಂಕಿ ಕಾಯಬೇಕು, ಶಾಖ ಹೆಚ್ಚುಕಮ್ಮಿ ಆದ್ರೆ ಸೊಪ್ಪಿನ ಬಣ್ಣ ಕೆಡುತ್ತೆ. ಅಲ್ಲಿ ನಿದ್ದೆ ಕೆಡೋರು ಕೂಲಿಯವರು. ಆಮೇಲೆ ಹರಾಜು ಮಾರುಕಟ್ಟೆ ಶುರುವಾಗುತ್ತೆ, ರೈತನ ಕೈಗೆ ದುಡ್ಡು ಬರುತ್ತೆ, ಮದುವೆ ಬಟ್ಟೆ, ಬಂಗಾರ, ಬೈಕು, ಸಿಮೆಂಟು ಎಲ್ಲ ಆಗಲೇ ಕೊಳ್ಳೋದು. ಆಗ ಅಂಗಡಿ ಹುಡುಗರ ನಿದ್ದೆ ಕೆಡುತ್ತೆ. ಕೆ.ಆರ್. ನಗರದಲ್ಲಿ ಭತ್ತದ ಕೊಯ್ಲು ಆದ ಮೇಲೆ ಇದೇ ಕಥೆ. ಆ ತಿಂಗಳುಗಳಲ್ಲಿ ವಾರದ ರಜೆ ಕೇಳಿದ್ರೆ "ಸೀಸನ್ ಮುಗೀಲಿ" ಅಂತಾರೆ. ಸೀಸನ್ ಮುಗಿದ ಮೇಲೆ ಕೇಳಿದ್ರೆ "ಯಾಪಾರ ಇಲ್ಲ, ರಜೆ ಬೇಕಾ, ಪೂರ್ತಿ ತಗೋ" ಅಂತಾರೆ. ಶಟರ್ ಹಾಕಿದ ದಿನವೂ ಲೋಡ್ ಬಂತು ಅಂತ ಫೋನ್ ಬರುತ್ತೆ. ಅಂಗಡಿಗೆ ರಜೆ, ಹುಡುಗನಿಗೆ ಗೋಡೌನು.

ಹಾಗಾದ್ರೆ ಇವರು ದಣಿವು ಎಲ್ಲಿ ಕಳೀತಾರೆ? ನಾನು ನೋಡಿದ್ದು, ಕೇಳಿದ್ದು ಹೇಳ್ತೀನಿ.

ಒಂದು, ಟೀ ಮತ್ತು ಬೀಡಿ. ಹತ್ತು ನಿಮಿಷ. ಇವತ್ತು ಪೇಟೆಯ ಟೀ ಅಂಗಡಿಯಲ್ಲಿ ಪೇಪರ್ ಕಪ್ಪು, ಎಲ್ಲರಿಗೂ ಒಂದೇ. ಎರಡು ಲೋಟದ ವಿರುದ್ಧ ದಲಿತ ಸಂಘರ್ಷ ಸಮಿತಿಯವರು ಊರೂರಲ್ಲಿ ಹೊಡೆಸಿಕೊಂಡು, ಕೇಸು ಹಾಕಿಸಿಕೊಂಡು ಹೋರಾಡಿದ್ರು. ಆ ಬೆಂಚಿನ ಮೇಲೆ ಕೂತು ಮೀನಖಂಡ ಒತ್ತಿಕೊಳ್ಳೋ ನಮ್ಮ ಹುಡುಗನಿಗೆ ಆ ಬೆಂಚು ಹೇಗೆ ಬಂತು ಅನ್ನೋದು ಗೊತ್ತಾಗಬೇಕು.

ಎರಡು, ಮೊಬೈಲು. ರೀಲ್ಸು, ಕ್ರಿಕೆಟ್ಟು, ಅದರ ಹಿಂದೆ ಬೆಟ್ಟಿಂಗು. ಸಾಲ ಮಾಡಿಕೊಂಡು ಊರು ಬಿಟ್ಟ ಹುಡುಗರನ್ನ ನಾನು ನೋಡಿದ್ದೀನಿ.

ಮೂರು, ಬಾರು. ಮುಚ್ಚುಮರೆ ಬೇಡ. 2007ರ ಜುಲೈ 1ರಿಂದ ಸಾರಾಯಿ ನಿಷೇಧ ಆಯ್ತು. ಪ್ಯಾಕೆಟ್ ಸಾರಾಯಿ ಹೋಯ್ತು, ಅಗ್ಗದ ಮದ್ಯ ಅದೇ ಜಾಗಕ್ಕೆ ಬಂತು. ಸಾರಾಯಿ ಬೇಡ, ವಸತಿ ಶಾಲೆ ಬೇಕು, ಭೂಮಿ ಬೇಕು ಅಂತ ನಮ್ಮ ಹಿರಿಯರು ಚಳವಳಿ ಮಾಡಿದ್ದು ಸುಮ್ಮನೆ ಅಲ್ಲ. ನಮ್ಮ ಕೇರಿಯಲ್ಲೇ ನನ್ನ ಜೊತೆ ಓದಿದ ಒಬ್ಬ, ಹಾರ್ಡ್‌ವೇರ್ ಅಂಗಡಿಯಲ್ಲಿ ಹದಿನೈದು ವರ್ಷ ಕಬ್ಬಿಣ ಎತ್ತಿದವನು. ಸೊಂಟನೋವು ಅಂತ ರಾತ್ರಿ ಒಂದು ಕ್ವಾರ್ಟರ್ ಶುರು ಮಾಡಿದ. "ಇದು ಕುಡ್ತ ಅಲ್ಲ ಕಣ್ಲಾ, ಔಷ್ದಿ" ಅಂತಿದ್ದ. ನಲವತ್ತೆರಡಕ್ಕೆ ಹೋದ. ಊರಿನವರು ಕುಡಿದು ಸತ್ತ ಅಂದ್ರು. ನಾನೂ ಆವತ್ತು ಹಾಗೇ ಅಂದೆ. ಈಗ ಯೋಚನೆ ಮಾಡಿದ್ರೆ, ವಾರಕ್ಕೊಂದು ದಿನ ಆ ಸೊಂಟಕ್ಕೆ ರಜೆ ಸಿಕ್ಕಿದ್ರೆ, ಮಧ್ಯಾಹ್ನ ಒಂದು ಗಂಟೆ ಅಡ್ಡಾಗೋಕೆ ಜಾಗ ಇದ್ದಿದ್ರೆ ಅನ್ನಿಸುತ್ತೆ. ಅವನ ಹೆಂಡತಿ ಈಗ ಒಂದು ಬೇಕರಿಯಲ್ಲಿ ಕೆಲಸಕ್ಕೆ ಹೋಗ್ತಾರೆ. ನಿಂತ್ಕೊಂಡೇ.

ನಾಲ್ಕು, ಹೆಣ್ಣುಮಕ್ಕಳು. ಅಂಗಡಿ ಹುಡುಗರು ಅಂತ ಬರೀತಾ ಇದ್ದೀನಿ, ಆದರೆ ಇವತ್ತು ಬಟ್ಟೆ, ಫ್ಯಾನ್ಸಿ, ಮೊಬೈಲು, ಮೆಡಿಕಲ್ ಸ್ಟೋರುಗಳಲ್ಲಿ ನಿಂತಿರೋರಲ್ಲಿ ಹೆಣ್ಣುಮಕ್ಕಳೇ ಎಷ್ಟೋ. ನನ್ನ ಅಕ್ಕನ ಮಗಳನ್ನ ಕೇಳಿದೆ, ನೀನು ಹೆಂಗವ್ವ ರಿಲ್ಯಾಕ್ಸ್ ಮಾಡ್ಕೊಳ್ಳೋದು ಅಂತ. "ಬಸ್ಸಲ್ಲಿ ಸೀಟ್ ಸಿಕ್ರೆ ಅದೇ ಮಾವ. ಮುಕ್ಕಾಲು ಗಂಟೆ ಯಾರೂ ಏನೂ ಕೇಳಲ್ಲ" ಅಂದಳು. ಮನೆಗೆ ಹೋದ್ರೆ ಪಾತ್ರೆ, ಒಲೆ. ಅವಳಿಗೆ ಟೀ ಅಂಗಡಿಯ ಬೆಂಚಿಲ್ಲ, ಬಾರಿಲ್ಲ, ರಾತ್ರಿ ಒಂಬತ್ತಕ್ಕೆ ಕಟ್ಟೆ ಮೇಲೆ ಕೂರೋ ಹಾಗಿಲ್ಲ. ನಮ್ಮಪ್ಪನಿಗೆ ಟೆಂಟ್ ಸಿನಿಮಾದ ಕತ್ತಲೆ ಇದ್ದ ಹಾಗೆ ಇವಳಿಗೆ ಲಾಸ್ಟ್ ಬಸ್ಸಿನ ಕಿಟಕಿ ಸೀಟು.

ಇದಕ್ಕೆ ಪರಿಹಾರ ಇಲ್ಲ ಅನ್ನೋರಿಗೆ ಎಚ್.ಡಿ. ಕೋಟೆಯಿಂದ ಕಾಡಿನ ದಾರಿ ಹಿಡಿದು ಬಾವಲಿ ಗೇಟು ದಾಟಿ ಆ ಕಡೆ ನೋಡಿ ಅಂತ ಹೇಳ್ತೀನಿ. ಕೇರಳದ ಕೋಝಿಕ್ಕೋಡಿನ ಮಿಠಾಯಿ ತೆರುವಿನಲ್ಲಿ ಅಂಗಡಿಗಳಲ್ಲಿ ಕೆಲಸ ಮಾಡೋ ಹೆಣ್ಣುಮಕ್ಕಳಿಗೆ ಮೂತ್ರಕ್ಕೆ ಹೋಗೋಕೆ ಜಾಗ ಇರಲಿಲ್ಲ, ಕೂರೋಕೆ ಸ್ಟೂಲು ಇರಲಿಲ್ಲ. ವಿಜಿ ಅನ್ನೋ ಟೈಲರ್ ಹೆಣ್ಣುಮಗಳು 'ಪೆಣ್‌ಕೂಟ್ಟು' ಅನ್ನೋ ಸಂಘಟನೆ ಕಟ್ಟಿದ್ರು. ಮೊದಲು ಶೌಚಾಲಯಕ್ಕೆ, ಆಮೇಲೆ ಕೂರೋ ಹಕ್ಕಿಗೆ ಹೋರಾಟ. ವರ್ಷಗಟ್ಟಲೆ ನಡೀತು. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಕೆಲಸಗಾರರಿಗೆ ಕೂರೋ ವ್ಯವಸ್ಥೆ ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡೂ ಮಾಡಿತು. ಪಕ್ಕದ ಎರಡು ರಾಜ್ಯದಲ್ಲಿ ಸ್ಟೂಲು ಕಾನೂನಾಗಿದೆ. ಯಾವ ಪಂಡಿತರೂ ಬರೆದುಕೊಟ್ಟ ಸೂತ್ರ ಅಲ್ಲ ಅದು, ಕಾಲು ಊದಿಕೊಂಡ ಹೆಣ್ಣುಮಕ್ಕಳು ಗೆದ್ದಿದ್ದು.

ನಮ್ಮ ಕಡೆ ಗಾಳಿ ಯಾವ ದಿಕ್ಕಿಗೆ ಬೀಸ್ತಿದೆ? 2021ರ ಜನವರಿಯಲ್ಲಿ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಅಂಗಡಿಗಳು ವರ್ಷದ 365 ದಿನವೂ 24 ಗಂಟೆ ತೆರೆದಿರಬಹುದು ಅಂತ ಸರಕಾರ ಅನುಮತಿ ಕೊಟ್ಟಿತು. ಪ್ರತಿ ನೌಕರನಿಗೂ ಸರದಿ ಮೇಲೆ ವಾರದ ರಜೆ ಕೊಡಬೇಕು ಅನ್ನೋ ಷರತ್ತು ಇತ್ತು. ಆದರೆ ಶಟರ್ ಹಾಕಿದ ದಿನ ಎಲ್ಲರಿಗೂ ಒಟ್ಟಿಗೆ ರಜೆ, ನಾಲ್ಕು ಜನ ಸೇರಿ ಎಲ್ಲಾದ್ರೂ ಹೋಗಬಹುದು. ಸರದಿ ರಜೆಯಲ್ಲಿ ಒಬ್ಬೊಬ್ಬನೇ ಮನೆಯಲ್ಲಿ ಬಿದ್ದಿರ್ತಾನೆ. 2025ರ ಜೂನ್‌ನಲ್ಲಿ ದಿನದ ಕೆಲಸವನ್ನ 9 ಗಂಟೆಯಿಂದ 10 ಗಂಟೆಗೆ ಏರಿಸೋ ಪ್ರಸ್ತಾಪ ಇಟ್ಟರು, ಕಾರ್ಮಿಕ ಸಂಘಟನೆಗಳು ವಿರೋಧಿಸಿದ್ವು. ಬಾಬಾಸಾಹೇಬರು ವಾರಕ್ಕೆ ಆರು ಗಂಟೆ ಇಳಿಸಿದ್ದು ನೆನಪಿರಲಿ.

ಒಟ್ಟಿಗೆ ಸುಧಾರಿಸ್ಕೊಳ್ಳೋದು ಅಂದ್ರೆ ಏನು ಅನ್ನೋದಕ್ಕೆ ನಮ್ಮಲ್ಲೇ ಹಳೇ ಉದಾಹರಣೆ ಇದೆ. ಕೆ.ಆರ್. ನಗರ ತಾಲ್ಲೂಕಿನ ಕಪ್ಪಡಿ. ಕಾವೇರಿ ದಂಡೆಯಲ್ಲಿ ರಾಚಪ್ಪಾಜಿ, ಚೆನ್ನಾಜಮ್ಮನ ಗದ್ದುಗೆ. ಮಂಟೇಸ್ವಾಮಿ ಪರಂಪರೆಯದು. ಶಿವರಾತ್ರಿಗೆ ಶುರುವಾಗಿ ಯುಗಾದಿ ತನಕ ಜಾತ್ರೆ. ಎಂಥಾ ಜಾತ್ರೆ ಇಷ್ಟು ದಿನ ನಡೆಯುತ್ತೆ ಹೇಳಿ! ಕೂಲಿಯವರ ಜಾತ್ರೆ ಅದು. ಯಾರಿಗೆ ಯಾವಾಗ ಬಿಡುವು ಸಿಗುತ್ತೋ ಆಗ ಹೋಗಿ, ಮರದ ಕೆಳಗೆ ಮೂರು ಕಲ್ಲು ಹೂಡಿ, ಅಡುಗೆ ಮಾಡಿ, ಹೊಳೆಯಲ್ಲಿ ಮಿಂದು, ಸಾಲಾಗಿ ಕೂತು ಉಂಡು, ರಾತ್ರಿ ನೀಲಗಾರರ ಕಥೆ ಕೇಳೋದು. ಕಥೆಯಲ್ಲಿ ಬರೋರೂ ನಮ್ಮಂಥವರೇ. ಸಿದ್ದಪ್ಪಾಜಿ ಹಲಗೂರಿಗೆ ಕಬ್ಬಿಣದ ಭಿಕ್ಷಕ್ಕೆ ಹೋಗಿ ಪಾಂಚಾಳರ ಕೈಯಲ್ಲಿ ಪಟ್ಟ ಪಾಡು ಕೇಳ್ತಾ ಕೇಳ್ತಾ ನಮ್ಮಪ್ಪ ಕಣ್ಣೊರೆಸಿಕೊಳ್ತಿದ್ದ. ದೇವರಲ್ಲಿ ನನಗೆ ನಂಬಿಕೆ ಕಮ್ಮಿ. ಕಪ್ಪಡಿಯ ಆ ಮರದ ನೆರಳಲ್ಲಿ ನಂಬಿಕೆ ಇದೆ. ಅಲ್ಲಿ ಕೂರೋಕೆ ಯಾರನ್ನೂ ಕೇಳಬೇಕಾಗಿರಲಿಲ್ಲ.

ಈಗ ಅಂಗಡಿ ಹುಡುಗರು ಕಪ್ಪಡಿಗೂ ಶಟರ್ ಇಳಿಸಿದ ಮೇಲೆ ಬೈಕಿನಲ್ಲಿ ಹೋಗಿ, ಬೆಳಿಗ್ಗೆ ಒಂಬತ್ತೂವರೆಗೆ ವಾಪಸ್ ಬಂದು ಶಟರ್ ಎತ್ತುತ್ತಾರೆ.

ಕೊನೆಗೆ ನಮ್ಮ ಮೇಲೇ ಒಂದು ಆಪಾದನೆ. ಎರಡನೇ ಶನಿವಾರ, ನಾಲ್ಕನೇ ಶನಿವಾರ, ಭಾನುವಾರ ನನಗೆ ರಜೆ. ಬಾಬಾಸಾಹೇಬರ ಜಯಂತಿಗೂ ರಜೆ. ನಾವು ಸಂಘಟನೆಯವರು ಸಭೆ ಕರೆಯೋದು ಯಾವಾಗ? ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ವಿಚಾರ ಸಂಕಿರಣ ಯಾವಾಗ? ಕಚೇರಿ ರಜೆ ಇದ್ದಾಗ. ಆಮೇಲೆ ವೇದಿಕೆ ಮೇಲೆ ನಿಂತು "ಯುವಕರು ಬರ್ತಿಲ್ಲ, ಮೊಬೈಲ್ ಹಿಡ್ಕೊಂಡು ಹಾಳಾಗಿದ್ದಾರೆ" ಅಂತ ಬೈತೀವಿ. ನಾನೂ ಬೈದಿದ್ದೀನಿ. ಏಪ್ರಿಲ್ 14ರ ಮೆರವಣಿಗೆ ಅಂಗಡಿ ಮುಂದೆ ಹಾದು ಹೋಗುವಾಗ ನಮ್ಮ ಹುಡುಗರು ಕೌಂಟರ್ ಹಿಂದೆ ನಿಂತು ಕೈ ಬೀಸೋದನ್ನ ನೋಡಿ, ಒಳಗೆ ಬಂದು ಅವರ ಯಜಮಾನರ ಹತ್ತಿರ ಒಂದು ಗಂಟೆ ಬಿಡಿ ಅಂತ ನಾವು ಯಾವತ್ತೂ ಕೇಳಲಿಲ್ಲ.

ಹಾಗಾಗಿ ನಾಲ್ಕು ತಾಲ್ಲೂಕಿನ ಗೆಳೆಯರಿಗೆ ನನ್ನ ಕೋರಿಕೆ. ಒಂದು, ಮೇಲಿನ ಆರು ಅಂಶ ಒಂದು ಹಾಳೆಯಲ್ಲಿ ಜೆರಾಕ್ಸ್ ಮಾಡಿ ಪೇಟೆಯಲ್ಲಿ ಹಂಚೋಣ, ಹುಡುಗರಿಗೂ ಯಜಮಾನರಿಗೂ. ಎರಡು, ಕೇರಳ, ತಮಿಳುನಾಡಿನ ಹಾಗೆ ಕೂರೋ ಹಕ್ಕನ್ನ ಇಲ್ಲಿನ ಕಾಯ್ದೆಯಲ್ಲೂ ಬರೆಯಿರಿ ಅಂತ ಶಾಸಕರಿಗೆ, ಕಾರ್ಮಿಕ ಇಲಾಖೆಗೆ ಮನವಿ ಕೊಡೋಣ. ಐದೂವರೆ ಸಾವಿರ ಸಹಿ ಬೇಡ, ಐನೂರು ಸಹಿಯಿಂದ ಶುರು ಮಾಡೋಣ. ಮೂರು, ಪ್ರತಿ ಅಂಗಡಿಯಲ್ಲೂ ಒಂದು ಸ್ಟೂಲು ಇಡಿ ಅಂತ ವರ್ತಕರ ಸಂಘದವರ ಹತ್ತಿರ ಮರ್ಯಾದೆಯಿಂದ ಕೂತು ಮಾತಾಡೋಣ. ಎಷ್ಟೋ ಯಜಮಾನರು ಕೂಡ ಒಂದು ಕಾಲಕ್ಕೆ ಅಂಗಡಿ ಹುಡುಗರೇ.

ನಾಲ್ಕನೇದು ನನ್ನ ಕೈಯಲ್ಲೇ ಇದೆ, ಅದನ್ನ ಮಾಡಿ ಮುಗಿಸಿದ್ದೀನಿ. ಹುಣಸೂರಿನಲ್ಲಿ ನಮ್ಮ ಮುಂದಿನ ಸಭೆ ಭಾನುವಾರ ಹನ್ನೊಂದಕ್ಕೆ ಇಲ್ಲ. ರಾತ್ರಿ ಒಂಬತ್ತೂವರೆಗೆ, ಶಟರ್ ಇಳಿದ ಮೇಲೆ. ಹೆಣ್ಣುಮಕ್ಕಳು ಕೊನೇ ಬಸ್ಸಿಗೆ ಹೋಗಬೇಕು, ಅವರ ಸಭೆ ಬೇರೆ ಹೊತ್ತಿಗೆ ಇಡಬೇಕು. ಯಾವ ಹೊತ್ತು ಅಂತ ನನ್ನ ಅಕ್ಕನ ಮಗಳೇ ಹೇಳ್ತಾಳೆ. ಭಾಷಣ ಇರಲ್ಲ. ಟೀ ಇರುತ್ತೆ.

ಬಾಡಿಗೆಗೆ ಐವತ್ತು ಕುರ್ಚಿ ಹೇಳಿದ್ದೀನಿ. ಬನ್ನಿ, ಕೂತ್ಕೊಂಡು ಮಾತಾಡೋಣ.

ಜೈಭೀಮ್.